ಖಾಲಿ ಬಿಟ್ಟ ಹನ್ನೆರಡು ಜಾಗ



ಕಳೆದ ಎರಡು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಕೂಟದಲ್ಲಿ ನಡೆದ ವಾದ ನಿಮ್ಮಲ್ಲಿ ಹಲವರ ಕಿವಿಗೆ ಬಿದ್ದಿರಬಹುದು. ಒಂದು ಹಳೆಯ ಕಂಪ್ಯೂಟರಿಗಾಗಿ ಇಷ್ಟು ಜಗಳವೇ ಎಂದು ಗುರ್ಕಾರರು ನಕ್ಕರು. ನಮಗೆ ಮಾತ್ರ ಅದು ನಗುವ ವಿಷಯವಾಗಿ ಕಾಣಲಿಲ್ಲ.

ನಮ್ಮ ವಾರ್ಡಿನ ಆಂಟಿಯೊಬ್ಬರು ಅಟ್ಟ ಖಾಲಿ ಮಾಡುವಾಗ ಸಿಕ್ಕಿದ ಪೆಟ್ಟಿಗೆಯೊಂದನ್ನು ನಮಗೆ ಕೊಟ್ಟರು. ತೀರಿಹೋದ ಅಂಕಲ್ ಗಲ್ಫಿನಲ್ಲಿ ದುಡಿಯುತ್ತಿದ್ದಾಗ ಕೊಂಡು ತಂದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅದರಲ್ಲಿತ್ತು. ರಬ್ಬರ್ ಕೀಗಳ ಆ ಪುಟ್ಟ ಕಂಪ್ಯೂಟರಿನ ಜೊತೆಗೆ ಏಳು ಕ್ಯಾಸೆಟ್. ಒಂದರ ಮೇಲೆ ಅಂಕಲ್‌ರ ಕೈಬರಹದಲ್ಲಿ ‘48ಕೆ’ ಎಂದಿದೆ. ರೂಮಿನ ಗೆಳೆಯರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಬರೆದು ಕೊಟ್ಟ ಪ್ರೋಗ್ರಾಂ ಅದು. ಅಂಕಲ್‌ರದು 16ಕೆ ಯಂತ್ರ. ಹಾಗಾಗಿ ಅದು ಅವರ ಮನೆಯಲ್ಲಿ ಒಮ್ಮೆಯೂ ಓಡಲಿಲ್ಲ. “ಜಾಗ ಸಾಲುದಿಲ್ಲ ಅಂತ ಹೇಳ್ತಿದ್ರು, ಹೆಚ್ಚು ಮಾಡಿಸ್ಬೇಕು ಅಂತಲೂ ಹೇಳ್ತಿದ್ರು. ಆಮೇಲೆ ಮಕ್ಕಳ ಫೀಸು, ಮನೆ ಸಾಲ” ಎಂದರು ಆಂಟಿ.

ಆ ಜಾಗವನ್ನು ಈಗ ನಾವು ಹೆಚ್ಚು ಮಾಡಬೇಕೇ ಬೇಡವೇ ಎಂಬುದೇ ವಾದ. ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ. ಕಾರಣ ಹೇಳುತ್ತೇವೆ.

ಸ್ಪೆಕ್ಟ್ರಮ್ ಬ್ರಿಟನ್ನಿನಲ್ಲಿ ಹೊರಬಂದದ್ದು 1982ರ ಏಪ್ರಿಲ್‌ನಲ್ಲಿ. 16 ಕೆಬಿಯದಕ್ಕೆ 125 ಪೌಂಡ್, 48 ಕೆಬಿಯದಕ್ಕೆ 175 ಪೌಂಡ್. ಆ 50 ಪೌಂಡ್ ಉಳಿಸಲು ಕಡಿಮೆಯದನ್ನು ಕೊಂಡವರು ಎಷ್ಟೋ ಮಂದಿ. ಆದರೆ 16 ಕೆಬಿ ಪೂರ್ತಿ ನಮ್ಮ ಕೈಗೆ ಸಿಗುವುದಿಲ್ಲ. ಟಿವಿ ಪರದೆಯ ಚಿತ್ರಕ್ಕೇ 6,912 ಬೈಟ್ ಬೇಕು. ಯಂತ್ರ ತನ್ನ ಲೆಕ್ಕಪತ್ರಕ್ಕೆ ಇನ್ನಷ್ಟು ಇಟ್ಟುಕೊಳ್ಳುತ್ತದೆ. ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನಿಗೆ ಉಳಿಯುವುದು ಸುಮಾರು 9 ಕೆಬಿ. ಅದಕ್ಕಿಂತ ದೊಡ್ಡ ಪ್ರೋಗ್ರಾಂ ಕ್ಯಾಸೆಟ್‌ನಿಂದ ಬಂದರೆ ‘4 ಔಟ್ ಆಫ್ ಮೆಮೊರಿ’ ಎಂದು ತೋರಿಸಿ ನಿಂತುಬಿಡುತ್ತದೆ. ಅಂಕಲ್ ನೋಡಿದ್ದು ಇದನ್ನೇ ಇರಬೇಕು.

ಮುಚ್ಚಳ ತೆಗೆದಾಗ ನಮಗೆ ಕಂಡದ್ದು ಖಾಲಿ ಸಾಕೆಟ್‌ಗಳ ಸಾಲು. ಎಂಟು ಮೆಮೊರಿ ಚಿಪ್‌ಗೆ, ನಾಲ್ಕು ಚಿಕ್ಕ ಐಸಿಗಳಿಗೆ, ಒಟ್ಟು ಹನ್ನೆರಡು ಜಾಗ. ತಯಾರಿಸಿದವರೇ ಬಿಟ್ಟದ್ದು: ಇವತ್ತು ಹಣವಿಲ್ಲದಿದ್ದರೆ ನಾಳೆ ತುಂಬಿಸಿಕೊಳ್ಳಿ ಎಂದು. ಅಲ್ಲಿ ಹಾಕುತ್ತಿದ್ದ ಚಿಪ್‌ಗಳ ಕಥೆ ಓದಿದಾಗ ನಮ್ಮ ವಾದದ ದಿಕ್ಕೇ ಬದಲಾಯಿತು. ಅವು 64 ಕಿಲೋಬಿಟ್‌ನ ಚಿಪ್‌ಗಳು, ಆದರೆ ಪರೀಕ್ಷೆಯಲ್ಲಿ ಅರ್ಧ ಭಾಗ ಕೆಟ್ಟದ್ದೆಂದು ಕಂಡುಬಂದಿದ್ದವು. ಅಂಥವನ್ನು ಸಿಂಕ್ಲೇರ್ ಕಡಿಮೆ ಬೆಲೆಗೆ ಕೊಂಡು, ಸರಿಯಿರುವ ಅರ್ಧವನ್ನು ಮಾತ್ರ ಬಳಸಿತು. ಮೇಲರ್ಧವೋ ಕೆಳಗಿನರ್ಧವೋ ಎಂದು ತಿಳಿಸಲು ಬೋರ್ಡಿನ ಮೇಲೆ ಒಂದು ಸಣ್ಣ ತಂತಿ. ಎಂಟೂ ಚಿಪ್‌ಗಳು ಒಂದೇ ಅರ್ಧದವಾಗಿರಬೇಕು, ಅಷ್ಟೇ. ಸಾವಿರಾರು ಮನೆಗಳ 48ಕೆ ಕಂಪ್ಯೂಟರ್ ನಡೆದದ್ದು ಹೀಗೆ ತಳ್ಳಿಹಾಕಿದ ಚಿಪ್‌ಗಳ ಒಳ್ಳೆಯ ಅರ್ಧದಿಂದ. ಪರೀಕ್ಷೆಯಲ್ಲಿ ಒಂದು ವಿಷಯ ಹೋದರೆ ಇಡೀ ಹುಡುಗನೇ ಹೋದ ಎನ್ನುವ ನಮ್ಮ ಊರಿನಲ್ಲಿ ಈ ಮಾತು ಒಮ್ಮೆ ಕೇಳಿಸಿಕೊಳ್ಳುವಂಥದ್ದು.

ಇನ್ನು ಎದುರು ಮಾತುಗಳು. ಅವು ಸುಳ್ಳಲ್ಲ.

ಫೋನಿನಲ್ಲೇ ಎಮ್ಯುಲೇಟರ್ ಹಾಕಿ ಅದೇ ಪ್ರೋಗ್ರಾಂ ನೋಡಬಹುದಲ್ಲ ಎಂದರು ಕೆಲವರು. ನೋಡಬಹುದು. ಏಳೂ ಕ್ಯಾಸೆಟ್‌ಗಳ ಶಬ್ದವನ್ನು ಲ್ಯಾಪ್‌ಟಾಪಿಗೆ ಇಳಿಸಿಯೂ ಇಟ್ಟಿದ್ದೇವೆ. ಬೇರೆ ಏನೇ ಮಾಡುವ ಮೊದಲು ಅದನ್ನು ಮಾಡಲೇಬೇಕಿತ್ತು, ಟೇಪು ಯಾರಿಗೂ ಕಾಯುವುದಿಲ್ಲ. ಆದರೆ “ಫೋನಿನಲ್ಲಿ ಬೇಡ, ಆಗುದಾದ್ರೆ ಅವರ ಮಿಷನಿನಲ್ಲೇ ತೋರಿಸಿ” ಎಂದು ಆಂಟಿ ಹೇಳಿದ ಮೇಲೆ ನಾವು ಅದನ್ನು ತೆರೆದು ನೋಡಿಲ್ಲ. ಇನ್ನೂ ಒಂದು ಮಾತಿದೆ. ಬೈಟ್ ಎಂದರೆ ಎಂಟು ಬಿಟ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಇಲ್ಲಿ ಒಂದೊಂದು ಚಿಪ್ ಒಂದೊಂದು ಬಿಟ್ ಹೊತ್ತುಕೊಳ್ಳುತ್ತದೆ, ಒಂದು ಕೈಕೊಟ್ಟರೆ ಎಲ್ಲಾ ಬೈಟುಗಳೂ ಅಪನಂಬಿಕೆಯವೇ. ಫೋನ್ ಇದನ್ನು ಕಲಿಸಲಿಲ್ಲ.

ಹಿಂದೆ ಚುಚ್ಚುವ ಮೆಮೊರಿ ಪ್ಯಾಕ್ ತರಿಸಿದರೆ ಬೋರ್ಡ್ ಮುಟ್ಟುವುದೇ ಬೇಡ ಎಂಬುದು ಇನ್ನೊಂದು ಸಲಹೆ. ಇದೇ ಕಂಪನಿಯ 1981ರ ಝಡ್‌ಎಕ್ಸ್81ಗೆ ಅಂಥ 16 ಕೆಬಿ ಪ್ಯಾಕ್ ಇತ್ತು. ಟೈಪ್ ಮಾಡುವಾಗ ಅದು ಸ್ವಲ್ಪ ಅಲುಗಾಡಿದರೂ ಸಾಕು, ಗಂಟೆಗಟ್ಟಲೆ ಬರೆದದ್ದೆಲ್ಲಾ ಮಾಯ. ಜನ ಅದನ್ನು ಟೇಪು, ಅಂಟು ಹಚ್ಚಿ ಹಿಡಿದು ನಿಲ್ಲಿಸುತ್ತಿದ್ದರು. ಒಳಗೆ ಸಾಕೆಟ್ ಇರುವಾಗ ಹೊರಗೆ ನೇತುಹಾಕುವುದೇಕೆ? ಸಾಕೆಟ್‌ನಲ್ಲಿ ಕೂರಿಸಿದ್ದನ್ನು ಬೇಕಾದಾಗ ತೆಗೆಯಲೂ ಬಹುದು.

ಮೂರನೆಯದು ಹಿರಿಯರ ಮಾತು: ಹೇಗಿದೆಯೋ ಹಾಗೇ ಇಡಿ, ಕೆಟ್ಟರೆ ಯಾರು ಹೊಣೆ? ಇದಕ್ಕೆ ನಮ್ಮಲ್ಲಿ ಸುಲಭದ ಉತ್ತರವಿಲ್ಲ. ಮೊದಲ ದಿನವೇ ನಮ್ಮಲ್ಲೊಬ್ಬ ಮನೆಯ ರೌಟರಿನ 9 ವೋಲ್ಟ್ ಅಡಾಪ್ಟರ್ ಚುಚ್ಚಲು ಹೊರಟಿದ್ದ. ಟಿವಿ ರಿಪೇರಿಯ ಅಣ್ಣ ಕೈ ಹಿಡಿದು ನಿಲ್ಲಿಸಿದರು. ಸ್ಪೆಕ್ಟ್ರಮ್‌ನ ಪಿನ್ನಿನಲ್ಲಿ ನಡುಭಾಗ ಮೈನಸ್, ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ನಡುಭಾಗ ಪ್ಲಸ್. ಚುಚ್ಚಿದ್ದರೆ ಆಂಟಿಯ ಮುಖ ನೋಡುವುದು ಹೇಗಿತ್ತು? ಆ ದಿನ ನಾವು ಹೆದರಿದ್ದು ನಿಜ, ಹೆದರಿದ್ದು ಒಳ್ಳೆಯದಾಯಿತು.

ಅದಕ್ಕೇ ನಾವು ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಮೊದಲು ಕೆಳಗಿನ 16 ಕೆಬಿ ಸರಿಯಿದೆಯೇ ನೋಡಬೇಕು. ಆ ಹಳೆಯ ಚಿಪ್‌ಗಳಿಗೆ 5, 12, ಮೈನಸ್ 5 ಎಂದು ಮೂರು ಬಗೆಯ ವೋಲ್ಟೇಜ್ ಬೇಕು. ಮೈನಸ್ 5 ತಪ್ಪಿದರೆ ಅವು ಬೇಗ ಸಾಯುತ್ತವೆ. ಪರದೆಯ ಚಿತ್ರ ಇರುವುದೇ ಅಲ್ಲಿ. ಆದ್ದರಿಂದ ಅಡಿಪಾಯ ಬಿರುಕು ಬಿಟ್ಟಿದ್ದರೆ ಮೇಲೆ 32 ಕೆಬಿ ಕಟ್ಟಿ ಪ್ರಯೋಜನವಿಲ್ಲ. ಬೋರ್ಡಿನ ಫೋಟೋ ತೆಗೆಯದೆ ಯಾವುದನ್ನೂ ಮುಟ್ಟಬಾರದು. ಟ್ರ್ಯಾಕ್ ಕತ್ತರಿಸಬಾರದು, ಪೆಟ್ಟಿಗೆಗೆ ತೂತು ಕೊರೆಯಬಾರದು. ಆ ಒಂದು ತಂತಿಯ ಸೋಲ್ಡರಿಂಗ್ ಅಣ್ಣನೇ ಮಾಡಲಿ, ನಾವು ನೋಡಿ ಕಲಿಯೋಣ. ಎಲ್ಲಕ್ಕಿಂತ ಮೊದಲು, ಕೆಡುವ ಸಾಧ್ಯತೆಯೂ ಇದೆ ಎಂದು ಆಂಟಿಗೆ ಮರೆಮಾಚದೆ ಹೇಳಿ ಒಪ್ಪಿಗೆ ಕೇಳಬೇಕು. ಕೇಳಿದೆವು. “ಅಟ್ಟದಲ್ಲಿ ಇದ್ದು ಏನು ಮಾಡ್ತಿತ್ತು ಮಕ್ಕಳೇ” ಎಂದರು.

ಹಳೆಯದನ್ನು ಉಳಿಸುವುದೆಂದರೆ ಗಾಜಿನ ಹಿಂದೆ ಇಟ್ಟು ಬೀಗ ಹಾಕುವುದೇ ಆಗಬೇಕಿಲ್ಲ. ಅದನ್ನು ಕೊಂಡವರು ಏನು ಮಾಡಬೇಕೆಂದು ಆಸೆಪಟ್ಟಿದ್ದರೋ ಅದನ್ನು ಮಾಡಿ ಮುಗಿಸುವುದೂ ಉಳಿಸುವುದೇ. ಜಾಗ ಮೊದಲೇ ಬಿಟ್ಟಿರುವಲ್ಲಿ, ಬೇಕಾದಾಗ ಹಿಂದಕ್ಕೆ ತೆಗೆಯಬಹುದಾದ ರೀತಿಯಲ್ಲಿ ತುಂಬಿಸಿದರೆ ಯಂತ್ರಕ್ಕೂ ಅವಮಾನವಿಲ್ಲ, ಅವರ ನೆನಪಿಗೂ ಇಲ್ಲ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೇನಾದರೂ ಇದ್ದರೆ ಗುಜರಿಗೆ ಹಾಕುವ ಮೊದಲು ನಮಗೊಂದು ಮಾತು ತಿಳಿಸಿ.

ಚಿಪ್‌ಗಳು ಬಂದಿವೆ. ಮುಂದಿನ ಭಾನುವಾರ ಪೂಜೆಯ ಬಳಿಕ ಹಾಲ್‌ನಲ್ಲಿ ಕೂರಿಸುತ್ತೇವೆ, ಬನ್ನಿ. ಮೆಮೊರಿ ಎಲ್ಲಿಯವರೆಗಿದೆ ಎಂದು ಯಂತ್ರವನ್ನೇ ಕೇಳಲು ಒಂದು ಸಾಲು ಸಾಕು: ‘ಪ್ರಿಂಟ್ ಪೀಕ್ 23732 + 256 * ಪೀಕ್ 23733’. ಈಗ ಅದು 32767 ಎನ್ನುತ್ತಿದೆ. ಅಂದು 65535 ಎಂದರೆ ಆಂಟಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಆ ಕ್ಯಾಸೆಟ್ ಹಾಕುತ್ತೇವೆ. 32767 ಎಂದೇ ಉಳಿದರೆ ಮತ್ತೆ ಮುಚ್ಚಳ ತೆಗೆದು ಮೊದಲಿನಿಂದ ನೋಡುತ್ತೇವೆ.