ಅಂಗಿಯ ಬೆಲೆಯೂ ಹೊಲಿದವಳ ಮಾನವೂ

ಸ್ವೀಡನ್ ದೇಶದ ಎಚ್ ಅಂಡ್ ಎಂ ಎಂಬ ಜಗತ್ಪ್ರಸಿದ್ಧ ಉಡುಪಿನ ಕಂಪೆನಿಗೆ 2020ರಲ್ಲಿ ಪ್ರಥಮ ಬಾರಿಗೆ ಓರ್ವ ಮಹಿಳೆ ಮುಖ್ಯಾಧಿಕಾರಿಯಾದರು. ಸ್ತ್ರೀಸಮಾನತೆಯ ದೃಷ್ಟಿಯಿಂದ ಅದು ಸಂತೋಷದ ಸಂಗತಿಯೇ ಸರಿ. ಆದರೆ ಮರುವರ್ಷ, 2021ರ ಜನವರಿಯಲ್ಲಿ, ಅದೇ ಕಂಪೆನಿಗೆ ಉಡುಪು ಒದಗಿಸುತ್ತಿದ್ದ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ನಾಚ್ಚಿ ಅಪ್ಯಾರೆಲ್ ಕಾರಖಾನೆಯ ದಲಿತ ತರುಣಿಯೊಬ್ಬಳು ಕೊಲೆಯಾದಳು. ಕೊಲೆಯ ಆರೋಪದ ಮೇಲೆ ಪೋಲೀಸರು ಬಂಧಿಸಿದ್ದು ಅವಳ ಮೇಲ್ವಿಚಾರಕನನ್ನೇ. ಅವನು ಅವಳನ್ನು ತಿಂಗಳುಗಟ್ಟಲೆ ಪೀಡಿಸುತ್ತಿದ್ದನೆಂದು ಮನೆಯವರು ಹೇಳಿದರು. ಒಂದೇ ನೂಲಿನ ಎರಡು ತುದಿಗಳಲ್ಲಿ ಇದೆಂತಹ ಅಂತರ!

ಈ ಅಂತರಕ್ಕೆ ಕಾರಣವಿದೆ. ಇಂತಹ ಕಂಪೆನಿಗಳಿಗೆ ಸ್ವಂತ ಹೊಲಿಗೆಯ ಕಾರಖಾನೆಗಳಿರುವುದಿಲ್ಲ. ಹೊಲಿಯುವ ಹೆಣ್ಣುಮಗಳ ಹೆಸರು ಅವರ ಹಾಜರಿ ಪುಸ್ತಕದಲ್ಲಿರುವುದಿಲ್ಲ. ಅಂಗಿಯ ಬೆಲೆಯನ್ನೂ ಸರಕು ಮುಟ್ಟಬೇಕಾದ ದಿನವನ್ನೂ ವಿದೇಶದಲ್ಲಿ ನಿರ್ಧರಿಸುತ್ತಾರೆ. ಆ ಒತ್ತಡವು ಕಾರಖಾನೆಯ ಧಣಿಯಿಂದ ಮ್ಯಾನೇಜರನಿಗೆ, ಮ್ಯಾನೇಜರನಿಂದ ಮೇಲ್ವಿಚಾರಕನಿಗೆ ಇಳಿದು, ಕಡೆಗೆ ಯಂತ್ರದ ಮುಂದೆ ಕುಳಿತವಳ ತಲೆಯ ಮೇಲೆ ಬೀಳುತ್ತದೆ. ಗಂಟೆಗೆ ಇಷ್ಟು ತುಂಡು ಹೊಲಿಯಲೇಬೇಕು, ತಪ್ಪಿದರೆ ಬೈಗುಳು. ಬೈಯುವವನು ಸಾಮಾನ್ಯವಾಗಿ ಗಂಡಸು, ಬೈಸಿಕೊಳ್ಳುವವಳು ಹೆಂಗಸು.

ಕಾಯಿದೆಗಳಿಲ್ಲವೆಂದಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವ 1976ರಲ್ಲಿಯೇ ಕಾಯಿದೆಯಾಯಿತು. 2019ರ ವೇತನ ಸಂಹಿತೆಯಲ್ಲಿಯೂ ಅದು ಸೇರಿದೆ. ಆದರೆ ಹೊಲಿಯುವ ಸಾಲಿನಲ್ಲಿ ಎಲ್ಲರೂ ಹೆಂಗಸರೇ ಆಗಿರುವಾಗ ಅವರ ಕೂಲಿಯನ್ನು ಯಾರ ಕೂಲಿಯೊಡನೆ ತೂಗಿ ನೋಡುವುದು? ಅಸಮಾನತೆ ಇರುವುದು ಸಾಲಿನಲ್ಲಲ್ಲ, ಏಣಿಯಲ್ಲಿ. ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯಿದೆ ಉಂಟು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಯಲ್ಲೆಲ್ಲ ದೂರು ಸಮಿತಿ ಇರತಕ್ಕದ್ದು. ಆದರೆ ಆ ಸಮಿತಿಯನ್ನು ನೇಮಿಸುವವನು ಧಣಿಯೇ. ನಾಳೆಯ ಕೂಲಿಯನ್ನು ನಂಬಿದವಳಿಗೆ ಅಲ್ಲಿ ಬಾಯಿ ತೆರೆಯುವ ಧೈರ್ಯ ಎಲ್ಲಿಂದ ಬರಬೇಕು?

ಬಹುಕಾಲ ಗಲ್ಲಾದ ಮುಂದೆ ಕುಳಿತವರಾದ ನಮಗೆ ಇದು ಹೊಸ ಮಾತಲ್ಲ. ಅಡಿಗೆಮನೆಯ ಬಿಸಿ ಗಲ್ಲಾದವರೆಗೆ ಬರುವುದಿಲ್ಲ. ನಡುವಿನವನು ಹೇಳಿದ್ದನ್ನೇ ಧಣಿ ನಿಜವೆಂದು ನಂಬುತ್ತಾನೆ. ನಂಬುವುದು ಅವನಿಗೆ ಅನುಕೂಲವೂ ಹೌದು.

ದಿಂಡಿಗಲ್ಲಿನ ಹೆಂಗಸರು ಈ ಮೌನವನ್ನು ಮುರಿದರು. ದಲಿತ ಮಹಿಳೆಯರ ಮುಂದಾಳುತನದ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘವು 2022ರ ಏಪ್ರಿಲಿನಲ್ಲಿ ಕಾರಖಾನೆಯ ಒಡೆತನದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯೊಡನೆ ಕರಾರು ಮಾಡಿಕೊಂಡಿತು. ಎಚ್ ಅಂಡ್ ಎಂ, ಆ ಬಳಿಕ ಗ್ಯಾಪ್ ಮತ್ತು ಪಿ.ವಿ.ಎಚ್. ಕಂಪೆನಿಗಳು ಅದಕ್ಕೆ ಬದ್ಧವಾದವು. ಐದು ಸಾವಿರಕ್ಕೂ ಮಿಕ್ಕಿದ ಕಾರ್ಮಿಕರು ಇದರ ವ್ಯಾಪ್ತಿಗೆ ಬಂದರು. ಕಾರ್ಮಿಕರಲ್ಲೇ ಕೆಲವರು ತರಬೇತು ಹೊಂದಿ ಸಾಲುಸಾಲಿನಲ್ಲಿ ಕಾವಲಿಗೆ ನಿಂತರು. ಮೊದಲ ವರ್ಷ ಬಂದ 185 ದೂರುಗಳಲ್ಲಿ 182 ಇತ್ಯರ್ಥವಾದವು. 2022ರ ಜುಲೈಯಲ್ಲಿ ಅಮೆರಿಕದ ಸುಂಕದ ಇಲಾಖೆ ಈ ಕಾರಖಾನೆಯ ಸರಕನ್ನು ತಡೆಹಿಡಿದಿತ್ತು. ಸುಧಾರಣೆಯನ್ನು ಕಂಡು ಸೆಪ್ಟೆಂಬರಿನಲ್ಲಿ ತಡೆಯನ್ನು ತೆಗೆಯಿತು. ಹೀಗೆ ಕರಾರಿನಿಂದ ಧಣಿಗೂ ನಷ್ಟವಾಗಲಿಲ್ಲ.

ಇದರ ಮರ್ಮವೇನು? ಹಿಂದಿನ ನೀತಿಸಂಹಿತೆಗಳು ಗೋಡೆಗೆ ತೂಗುಹಾಕಿದ ಕಾಗದಗಳು. ಈ ಕರಾರಿನಲ್ಲಾದರೋ, ಕಾರಖಾನೆಯವರು ಮಾತಿಗೆ ತಪ್ಪಿದರೆ ಕೊಳ್ಳುವವರು ವ್ಯಾಪಾರದ ಮೂಲಕವೇ ದಂಡಿಸಬೇಕಾಗಿತ್ತು. ಉಪದೇಶಕ್ಕೆ ಬಗ್ಗದವರು ಆರ್ಡರಿಗೆ ಬಗ್ಗುತ್ತಾರೆ. ಆದರೂ ಇದು ಒಂದೇ ಸಂಸ್ಥೆಗೆ ಸೀಮಿತವಾದ ಕರಾರು. ಅಂಗಿಗೆ ಕಂಪೆನಿಗಳು ತೆರುವ ಬೆಲೆಯ ಪ್ರಶ್ನೆ ಹಾಗೆಯೇ ಉಳಿದಿದೆ.

ನಮ್ಮ ನಾಡಿನ ಹೆಣ್ಣುಮಕ್ಕಳೂ ಕೈಕಟ್ಟಿ ಕುಳಿತವರಲ್ಲ. 2016ರಲ್ಲಿ ಭವಿಷ್ಯನಿಧಿಯ ಹಣವನ್ನು ಪೂರ್ಣವಾಗಿ ಹಿಂಪಡೆಯದಂತೆ ಕೇಂದ್ರ ಸರಕಾರವು ನಿಯಮ ತಂದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಏಪ್ರಿಲ್ 18 ಮತ್ತು 19ರಂದು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಊರಿಗೆ ದುಡ್ಡು ಕಳುಹಿಸುವ ನಮ್ಮ ವಾಚಕರಲ್ಲಿ ಎಷ್ಟೋ ಮಂದಿಯ ಅಕ್ಕತಂಗಿಯರು ಮುಂಜಾನೆ ಬುತ್ತಿ ಕಟ್ಟಿಕೊಂಡು ಇಂತಹ ಕಾರಖಾನೆಗಳಿಗೆ ಹೋಗುವವರೇ. ಮುಂದಿನ ಸಲ ಫೋನು ಮಾಡಿದಾಗ ಬಟವಾಡೆ ಆಯಿತೇ ಎಂದು ಕೇಳುವುದರ ಜತೆಗೆ, ಅಲ್ಲಿ ದೂರು ಸಮಿತಿ ಇದೆಯೇ ಎಂದೂ ಕೇಳಿರಿ. ಘಟನೆಯ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕೆಂದೂ, ಧಣಿಯ ಮೇಲೆಯೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದೆಂದೂ ತಿಳಿಸಿರಿ. ಅದಕ್ಕೂ ಮಿಗಿಲಾಗಿ, ಅವಳು ಕಷ್ಟ ಹೇಳಿಕೊಂಡಾಗ “ಹೇಗೋ ಸಹಿಸಿಕೋ” ಎಂಬ ಮಾತು ಅಣ್ಣತಮ್ಮಂದಿರ ಬಾಯಿಂದ ಬಾರದಿರಲಿ. ದಿಂಡಿಗಲ್ಲಿನ ಆ ತರುಣಿ ತಿಂಗಳುಗಟ್ಟಲೆ ಸಹಿಸಿಕೊಂಡೇ ಇದ್ದಳು.