ಕಳೆದುಹೋದ ನಾಲ್ಕು ವರ್ಷಗಳು

ಅಮೆರಿಕದ ಹೆಸರುವಾಸಿ ಕೌಟುಂಬಿಕ ಹಾಸ್ಯ ಧಾರಾವಾಹಿಗಳಲ್ಲಿ ‘ಗ್ರೋಯಿಂಗ್ ಪೇನ್ಸ್’ ಒಂದು. 1988ರಲ್ಲಿ ಪ್ರಸಾರವಾದ ಅದರ ಕಂತೊಂದರಲ್ಲಿ ಸೀವರ್ ದಂಪತಿಗಳಿಗೆ ಕ್ರಿಸ್ಸಿ ಎಂಬ ಹೆಣ್ಣುಮಗು ಹುಟ್ಟುತ್ತದೆ. 1990ರಲ್ಲಿ ಧಾರಾವಾಹಿಯ ಹೊಸ ವರ್ಷ ಆರಂಭವಾದಾಗ ಅದೇ ಮಗು ಅರಳು ಹುರಿದಂತೆ ಮಾತನಾಡುವ ಆರು ವರ್ಷದ ಬಾಲೆಯಾಗಿ ಕಾಣಿಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಅಣ್ಣಂದಿರಿಗೂ ಅಕ್ಕನಿಗೂ ಎರಡೇ ವರ್ಷ ಕಳೆದಿವೆ. ತಂಗಿಗೆ ಮಾತ್ರ ಆರು ತುಂಬಿವೆ. ಮನೆಯಲ್ಲಿ ಯಾರೂ ಇದಕ್ಕೆ ಬೆರಗಾಗುವುದಿಲ್ಲ. ‘ಫ್ಯಾಮಿಲಿ ಟೈಸ್’ ಧಾರಾವಾಹಿಯ ಆಂಡ್ರೂವಿನ ಕಥೆಯೂ ಇಂಥದೇ. 1985ರಲ್ಲಿ ಹುಟ್ಟಿದ ಕೂಸು 1986ರ ಕೊನೆಯ ಹೊತ್ತಿಗೆ ಶಿಶುವಿಹಾರಕ್ಕೆ ಹೋಗುವ ವಯಸ್ಸಿನ ಹುಡುಗನಾಗಿರುತ್ತದೆ.

ವಯಸ್ಸಿನಂತೆ ಇಯತ್ತೆಯ ಲೆಕ್ಕವೂ ತಪ್ಪುತ್ತದೆ. 1993ರಲ್ಲಿ ಆರಂಭವಾದ ‘ಬಾಯ್ ಮೀಟ್ಸ್ ವರ್ಲ್ಡ್’ ಧಾರಾವಾಹಿಯ ನಾಯಕ ಕೋರಿ ಮೊದಲ ವರ್ಷದಲ್ಲಿ ಆರನೆಯ ಇಯತ್ತೆಯ ವಿದ್ಯಾರ್ಥಿ, ಮರುವರ್ಷ ಏಳನೆಯ ಇಯತ್ತೆಯವನು. ಆ ಕ್ರಮದಲ್ಲಿ ನಡೆದಿದ್ದರೆ ಅವನು ಹನ್ನೆರಡನೆಯದನ್ನು ಮುಗಿಸುವುದು 2000ದಲ್ಲಿ. ಆದರೆ 1998ರಲ್ಲಿಯೇ ಅವನ ಶಾಲೆ ಮುಗಿದು ಬೀಳ್ಕೊಡುಗೆಯೂ ಆಗಿಹೋಗುತ್ತದೆ. ನಡುವಿನ ಎರಡು ಇಯತ್ತೆಗಳನ್ನು ಅವನು ಎಲ್ಲಿ ಓದಿದನೆಂದು ಧಾರಾವಾಹಿ ಹೇಳುವುದಿಲ್ಲ.

ಇಂಥ ತಪ್ಪುಗಳನ್ನು ಪಟ್ಟಿ ಮಾಡಿ ನಗುವುದು ಸುಲಭ. ಸಾಹಿತ್ಯದ ವಿದ್ಯಾರ್ಥಿ ಅಷ್ಟಕ್ಕೆ ನಿಲ್ಲಬಾರದು. ಲೆಕ್ಕ ತಪ್ಪಿದೆಯೇ ಎಂಬುದು ಮೊದಲ ಪ್ರಶ್ನೆ ಮಾತ್ರ. ಯಾರ ವರ್ಷಗಳನ್ನು, ಯಾರ ಅನುಕೂಲಕ್ಕಾಗಿ ಕತ್ತರಿಸಲಾಯಿತು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಕತ್ತರಿಸಲು ಕಾರಣಗಳಿವೆ, ಅವು ಹುಸಿಯೂ ಅಲ್ಲ. ಕ್ಯಾಲಿಫೋರ್ನಿಯಾದ ನಿಯಮದಂತೆ ಆರು ತಿಂಗಳು ತುಂಬದ ಶಿಶುವನ್ನು ಚಿತ್ರೀಕರಣದಲ್ಲಿ ದಿನಕ್ಕೆ 20 ನಿಮಿಷಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಆರು ವರ್ಷ ತುಂಬಿದ ಮಗುವಿಗೆ ಶಾಲೆಯ ದಿನಗಳಲ್ಲಿ ನಾಲ್ಕು ಗಂಟೆ ಅಭಿನಯಕ್ಕೆ ಅವಕಾಶವಿದೆ, ಮೂರು ಗಂಟೆ ಪಾಠ ಕಡ್ಡಾಯ. ಈ ಕಾರಣದಿಂದಲೇ ‘ಫುಲ್ ಹೌಸ್’ ಧಾರಾವಾಹಿಯಲ್ಲಿ ಮಿಶೆಲ್ ಎಂಬ ಒಂದೇ ಮಗುವಿನ ಪಾತ್ರವನ್ನು ಓಲ್ಸನ್ ಅವಳಿ ಸೋದರಿಯರು ಹಂಚಿಕೊಂಡರು. ತೊಟ್ಟಿಲ ಕೂಸು ಮಾತಿನ ಚಟಾಕಿ ಹಾರಿಸಲಾರದು. ಆರರ ಬಾಲೆ ಹಾರಿಸಬಲ್ಲಳು. ಮೇಲಾಗಿ ಇಂಥ ಧಾರಾವಾಹಿಗೆ ಒಬ್ಬನೇ ಕರ್ತೃವಿರುವುದಿಲ್ಲ. ಬರಹಗಾರರ ಗುಂಪೊಂದು ಅದನ್ನು ಕಟ್ಟುತ್ತದೆ, ಆ ಗುಂಪು ವರ್ಷ ವರ್ಷಕ್ಕೂ ಬದಲಾಗುತ್ತದೆ. ಮರುಪ್ರಸಾರದಲ್ಲಿ ಯಾವ ಕಂತನ್ನು ಯಾವಾಗ ನೋಡಿದರೂ ನಗು ಬರಬೇಕೆಂಬುದು ಈ ವ್ಯಾಪಾರದ ಸೂತ್ರ. ಹೀಗಿರುವಾಗ ಮಗುವಿನ ಹುಟ್ಟಿದ ದಿನವನ್ನು ನೆನಪಿಡುವ ಹೊಣೆ ಯಾರದೂ ಆಗುವುದಿಲ್ಲ.

ಆದರೂ ಇದು ಅನಿವಾರ್ಯವೆಂದು ಒಪ್ಪಲಾಗದು. 1988ರಿಂದ 1993ರವರೆಗೆ ಪ್ರಸಾರವಾದ ‘ದಿ ವಂಡರ್ ಇಯರ್ಸ್’ ಪ್ರಸಾರದ ಕಾಲಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಕಥೆಯನ್ನು ಹೇಳಿತು. ಅದರ ಕೆವಿನ್ 1968ರಲ್ಲಿ ಏಳನೆಯ ಇಯತ್ತೆಗೆ ಸೇರುತ್ತಾನೆ. 1973ರ ಬೇಸಿಗೆಯಲ್ಲಿ ಕಥೆ ಮುಗಿಯುವಾಗ ಹನ್ನೊಂದನೆಯದನ್ನು ಮುಗಿಸಿರುತ್ತಾನೆ. ಒಂದು ವರ್ಷವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಟ ಬೆಳೆದಂತೆ ಪಾತ್ರವೂ ಬೆಳೆಯಿತು. ಆ ಬೆಳವಣಿಗೆಯೇ ಕಥೆಯ ವಸ್ತುವಾಯಿತು. ಇನ್ನೊಂದು ತುದಿಯಲ್ಲಿ ‘ದಿ ಸಿಂಪ್ಸನ್ಸ್’ ಇದೆ. 1989ರಿಂದ ನಡೆದು ಬಂದಿರುವ ಆ ವ್ಯಂಗ್ಯಚಿತ್ರ ಧಾರಾವಾಹಿಯಲ್ಲಿ ಬಾರ್ಟ್ ಹತ್ತು ವರ್ಷದವನಾಗಿ ನಾಲ್ಕನೆಯ ಇಯತ್ತೆಯಲ್ಲಿಯೇ ಇದ್ದಾನೆ, ಮ್ಯಾಗಿ ಇನ್ನೂ ಚೂಷಕ ಚೀಪುವ ಕೂಸು. ಅಲ್ಲಿ ಕಾಲ ನಿಂತಿರುವುದು ಇಡೀ ಊರಿಗೆ. ಒಬ್ಬ ಮಗುವಿಗೆ ಮಾತ್ರವಲ್ಲ. ಒಂದು ಕೃತಿ ಕಾಲವನ್ನು ಗೌರವಿಸಿತು, ಇನ್ನೊಂದು ಕಾಲವನ್ನು ಬದಿಗಿಟ್ಟೆನೆಂದು ಬಹಿರಂಗವಾಗಿ ಸಾರಿತು. ಎರಡೂ ಪ್ರಾಮಾಣಿಕ ದಾರಿಗಳೇ.

ಭಾರತದ ಪರದೆಯಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಕಾಣುತ್ತದೆ. ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ ಆರಂಭವಾದದ್ದು 2008ರಲ್ಲಿ. ಆ ವರ್ಷ ಒಂದನೆಯ ಇಯತ್ತೆಗೆ ಸೇರಿದ ಮಗು ಇಂದು ಪದವಿಯನ್ನೂ ಮುಗಿಸಿರಬೇಕು. ಟಪ್ಪುವಿನ ಪಾತ್ರ 2017ರಲ್ಲಿ ಎರಡನೆಯ ನಟನಿಗೆ, 2023ರಲ್ಲಿ ಮೂರನೆಯ ನಟನಿಗೆ ಹೋಯಿತು. ನಟರು ಬೆಳೆದು ಹೊರಟುಹೋದರು. ತಂದೆ ಜೇಠಾಲಾಲನಿಂದ ಬೈಸಿಕೊಳ್ಳುವ ಹುಡುಗ ಉಳಿದುಕೊಂಡ. ಅಲ್ಲಿ ವರ್ಷಗಳನ್ನು ಕತ್ತರಿಸಿದರೆ ಇಲ್ಲಿ ಎಳೆದಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹುಟ್ಟಿದೊಡನೆಯೇ ಯುವಕನಾದ ಘಟೋತ್ಕಚನನ್ನು ಒಪ್ಪುವ ಓದುಗರು ಕ್ರಿಸ್ಸಿಯನ್ನೇಕೆ ಒಪ್ಪಬಾರದು? ಉತ್ತರ ಔಚಿತ್ಯ ವಿಚಾರದಲ್ಲಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ‘ಔಚಿತ್ಯವಿಚಾರಚರ್ಚಾ’ದಲ್ಲಿ ಔಚಿತ್ಯದ ನೆಲೆಗಳನ್ನು ಎಣಿಸುವಾಗ ಕಾಲವನ್ನೂ ಅವಸ್ಥೆಯನ್ನೂ ಸೇರಿಸಿದ್ದಾನೆ. ಔಚಿತ್ಯವೆಂದರೆ ವಾಸ್ತವದ ನಕಲಲ್ಲ. ಕೃತಿ ತಾನೇ ಕಟ್ಟಿಕೊಂಡ ಲೋಕಕ್ಕೆ ಒಪ್ಪುವ ನಡೆ. ಘಟೋತ್ಕಚ ರಾಕ್ಷಸಿಯ ಮಗ. ಅವನು ಒಮ್ಮೆಗೇ ಬೆಳೆದುದು ಆ ಲೋಕದ ಧರ್ಮ, ಕವಿ ಅದನ್ನು ಮುಚ್ಚಿಡದೆ ಅದ್ಭುತವೆಂದೇ ಹೇಳುತ್ತಾನೆ. ಸೀವರ್ ಕುಟುಂಬವಾದರೋ ತನ್ನನ್ನು ಸಾಮಾನ್ಯರ ಮನೆಯೆಂದು ಪರಿಚಯಿಸಿಕೊಂಡಿದೆ. ಅಲ್ಲಿ ಶಾಲೆಯಿದೆ, ಪರೀಕ್ಷೆಯಿದೆ, ಹುಟ್ಟುಹಬ್ಬವಿದೆ. ಆ ಮನೆಯೊಳಗೆ ಒಂದು ಮಗುವಿನ ನಾಲ್ಕು ವರ್ಷ ಸದ್ದಿಲ್ಲದೆ ಮಾಯವಾಗುವುದು ಅದ್ಭುತವಲ್ಲ, ಅನೌಚಿತ್ಯ.

ಗಡಿನಾಡಿನ ವಿದ್ಯಾರ್ಥಿಗಳಿಗೆ ವಯಸ್ಸಿನ ಗೊಂದಲ ಹೊಸದೇನಲ್ಲ. ಅವರ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಕಾಗದದಲ್ಲಿ ಜೂನ್ 1. ಶಾಲೆ ತೆರೆಯುವ ತಿಂಗಳಲ್ಲಿ ಹೆಸರು ಹಚ್ಚಲು ಬಂದ ಮಗುವಿನ ಮೈಕಟ್ಟು ನೋಡಿ, ಆರು ತುಂಬುವಂತೆ ಲೆಕ್ಕ ಹಾಕಿ ಮಾಸ್ತರರು ಬರೆದ ದಿನವದು. ತಾಯಿಯ ನೆನಪಿನಲ್ಲಿ ಇನ್ನೊಂದು ದಿನವಿರುತ್ತಿತ್ತು: ಬರ ಬಿದ್ದ ವರ್ಷ, ಸೀಗಿ ಹುಣ್ಣಿಮೆಯ ಮರುದಿನ. ಮಾಸ್ತರರ ಆ ಅಂದಾಜು ನೌಕರಿಯ ನಿವೃತ್ತಿಯ ದಿನದವರೆಗೂ ಮನುಷ್ಯನ ಬೆನ್ನಿಗೆ ಅಂಟಿಕೊಂಡು ಬಂದಿತು. ತಾರೀಖು ತಪ್ಪಾಗಿದ್ದರೂ ಆ ಮಗು ತನ್ನ ಬಾಲ್ಯವನ್ನು ಪೂರ್ತಿಯಾಗಿ ಬಾಳಿತ್ತು. ಆ ವರ್ಷಗಳಿಗೆ ತಾಯಿ ಸಾಕ್ಷಿಯಾಗಿದ್ದಳು. ಕ್ರಿಸ್ಸಿಯ ವಿಷಯದಲ್ಲಿ ಆದುದು ಇದರ ತಿರುವುಮುರುವು. ಅವಳ ಹುಟ್ಟಿದ ದಿನ ಲಕ್ಷಾಂತರ ನೋಡುಗರಿಗೆ ಗೊತ್ತು. ಎರಡರಿಂದ ಆರರವರೆಗಿನ ಬಾಳು ಮಾತ್ರ ಹೆತ್ತವರ ನೆನಪಿನಲ್ಲಿಯೂ ಇಲ್ಲ.

ಕಳೆದುಹೋದ ಆ ವರ್ಷಗಳು ಯಾವುವೆಂಬುದನ್ನು ಗಮನಿಸಬೇಕು. ಮಗು ಎರಡು ಪದ ಜೋಡಿಸಿ ವಾಕ್ಯ ಕಟ್ಟುವ, ಕಂಡದ್ದಕ್ಕೆಲ್ಲ ‘ಯಾಕ’ ಎಂದು ಕೇಳುವ, ಕಥೆ ಕೇಳುತ್ತ ನಿದ್ದೆ ಹೋಗುವ ವರ್ಷಗಳವು. ತಾಯ್ನುಡಿ ಮೈಗೂಡುವ ಕಾಲವದು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮರಾಠಿ ತಾನಾಗಿ ಬರುತ್ತದೆ, ಬರಲೂಬೇಕು. ಕನ್ನಡ ಬರುವುದು ಒಳಮನೆಯಿಂದ, ಅಜ್ಜಿಯ ತೊಡೆಯಿಂದ, ಈ ನಾಲ್ಕು ವರ್ಷಗಳಲ್ಲಿ. ಮುಂದೆ ಕನ್ನಡ ಶಾಲೆ ಸಿಗಲಿ ಸಿಗದಿರಲಿ, ಐಚ್ಛಿಕ ಕನ್ನಡದ ತರಗತಿಯವರೆಗೆ ಒಬ್ಬ ವಿದ್ಯಾರ್ಥಿಯನ್ನು ತಂದು ಮುಟ್ಟಿಸುವ ಬುತ್ತಿ ಕಟ್ಟಿಕೊಳ್ಳುವುದು ಅಲ್ಲಿಯೇ. ಹಾಸ್ಯಕ್ಕೆ ಉಪಯೋಗವಿಲ್ಲವೆಂದು ಬರಹಗಾರರು ಎಸೆದ ವರ್ಷಗಳೇ ಮನುಷ್ಯನನ್ನು ಮಾತಿನ ಪ್ರಾಣಿಯನ್ನಾಗಿ ಮಾಡುವ ವರ್ಷಗಳು.

ಪರದೆಯ ಮೇಲಿನ ಒಂದು ತಪ್ಪಿನಿಂದ ಯಾವ ಮನೆಯೂ ಕೆಡುವುದಿಲ್ಲ, ನಿಜ. ಆದರೆ ಮಗು ಚಟಪಟ ಮಾತನಾಡತೊಡಗಿದ ಮೇಲೆಯೇ ಲೆಕ್ಕಕ್ಕೆ ಬರುತ್ತದೆ, ಅದಕ್ಕೂ ಮುಂಚಿನದು ಬರೀ ಕಾಯುವ ಕಾಲ ಎಂಬ ಭಾವನೆ ಪರದೆಗೆ ಸೀಮಿತವಾಗಿಲ್ಲ. ತೊದಲು ನುಡಿಯುವ ಕೂಸಿನ ಕೈಗೆ ಮೊಬೈಲು ಕೊಟ್ಟು, ಶಾಲೆಗೆ ಸೇರಿದ ಮೇಲೆ ಭಾಷೆಯ ಚಿಂತೆ ಮಾಡಿದರಾಯಿತು ಎನ್ನುವ ಮನೆಗಳಲ್ಲಿಯೂ ಅದು ನೆಲೆಸಿದೆ. ಧಾರಾವಾಹಿ ಒಂದು ಬೇಸಿಗೆಯಲ್ಲಿ ಮಾಡಿದ ಕೆಲಸವನ್ನು ಇಂಥ ಮನೆ ನಿಧಾನವಾಗಿ ಮಾಡುತ್ತದೆ.

ವಿಭಾಗದ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಒಂದು ಸಣ್ಣ ಅಭ್ಯಾಸವನ್ನು ಕೈಗೊಳ್ಳಬಹುದು. ಮನೆಯಲ್ಲಿ ನೋಡುವ ಯಾವುದೇ ಕೌಟುಂಬಿಕ ಧಾರಾವಾಹಿಯ ಒಂದು ಮಗುವಿನ ವಯಸ್ಸನ್ನೂ ಇಯತ್ತೆಯನ್ನೂ ಕಂತುಗಳುದ್ದಕ್ಕೂ ಬರೆದಿಟ್ಟುಕೊಳ್ಳಲಿ. ಅದರ ಪಕ್ಕದಲ್ಲಿ ತಮ್ಮ ಎರಡರಿಂದ ಆರರವರೆಗಿನ ವರ್ಷಗಳ ಬಗ್ಗೆ ತಾಯಿ ಅಥವಾ ಅಜ್ಜಿ ಹೇಳುವುದನ್ನು, ಅವರು ಆಡುವ ಮಾತಿನಲ್ಲಿಯೇ ಬರೆದುಕೊಳ್ಳಲಿ. ಮೊದಲನೆಯ ಕಾಲಂ ಒಂದು ಪುಟದಲ್ಲಿ ಮುಗಿದೀತು. ಎರಡನೆಯದಕ್ಕೆ ಹೊಸ ವಹಿಯೊಂದನ್ನು ತಂದಿಟ್ಟುಕೊಳ್ಳುವುದು ಒಳಿತು.