ಪ್ರಿಂಟ್ ಖರ್ಚು ಯಾರ ಲೆಕ್ಕಕ್ಕೆ?

ಈ ಸಲ ಊರಿಗೆ ಹೋದಾಗ ಬೆಳೆ ವಿಮೆ ತುಂಬುವ ಗಡಿಬಿಡಿ. ನಮ್ಮೂರು ನವಲಗುಂದ ತಾಲೂಕಿನ ತಿರ್ಲಾಪುರ. ಹೆಸರು ಬಿತ್ತಿ ಮುಗಿಸಿದವರೆಲ್ಲ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಕಾಕಾನ ಝೆರಾಕ್ಸ್ ಅಂಗಡಿ ಮುಂದೆ ಪಾಳಿ ಹಚ್ಚಿದ್ದರು. ನನ್ನನ್ನು ಕಂಡ ಕೂಡಲೇ ಕಾಕಾ ಶುರು ಮಾಡಿದ.

"ಬಾರಪಾ ಇಂಜಿನಿಯರ್. ಈ ಮಷಿನ್ ಟೋನರ್ ಕುಡದು ಕುಡದು ನನ್ನ ಮುಳುಗಸಾಕತ್ತೈತಿ. ಖರ್ಚ ಕಡಿಮಿ ಮಾಡೂ ಸಾಫ್ಟ್‌ವೇರ್ ಇದ್ದರ ಹಾಕಿಕೊಟ್ಟು ಹೋಗು."

ಪ್ರಿಂಟರ್ ಬಗ್ಗೆ ನನಗೆ ಗೊತ್ತಿರೋದು ಇಷ್ಟೇ: ಬಟನ್ ಒತ್ತಿದರೆ ಕಾಗದ ಬರಬೇಕು, ಬರದಿದ್ದರೆ ಅಡ್ಮಿನ್‌ಗೆ ಫೋನ್ ಮಾಡಬೇಕು :) ಆದರೂ ಮರ್ಯಾದೆ ಪ್ರಶ್ನೆ ನೋಡಿ... ಎರಡು ದಿನ ಅಂಗಡಿಯಲ್ಲೇ ಕೂತು ಲೆಕ್ಕ ಬರೆದೆ.

ಕಾಕಾನದು ಊರೂರಲ್ಲಿ ಕಾಣುವ 12ಎ ಕಾರ್ಟ್ರಿಜ್‌ನ ಲೇಸರ್ ಯಂತ್ರ. ಅದು 2000 ಪುಟ ಕೊಡುತ್ತದೆ ಅಂತ ಕಂಪನಿ ಹೇಳೋದು ಸುಳ್ಳಲ್ಲ. ಆದರೆ ಆ ಲೆಕ್ಕ ಪುಟದ ಸುಮಾರು ಶೇ. 5ರಷ್ಟು ಜಾಗದಲ್ಲಿ ಮಾತ್ರ ಕಪ್ಪು ಬಿದ್ದರೆ. ಅಂದ್ರೆ ಒಂದು ಸಣ್ಣ ಪತ್ರದಷ್ಟು. ಪಹಣಿಯೋ, ಬರೀ ಗೆರೆ, ಕಾಲಂ, ಅಕ್ಷರ. ಇನ್ನು ಆಧಾರ್ ಕಾರ್ಡ್ ಇಟ್ಟು, ಅವಸರದಲ್ಲಿ ಮುಚ್ಚಳ ಮುಚ್ಚದೇ ಬಟನ್ ಒತ್ತಿದರೆ ಕಾರ್ಡಿನ ಸುತ್ತ ಹಾಳೆಯೆಲ್ಲ ಕಪ್ಪು! ಟೋನರ್ ಕುಡಿಯುತ್ತಿದ್ದದ್ದು ಯಂತ್ರ ಅಲ್ಲ, ಕಾಕಾನ ಅವಸರ.

ಇನ್ನೊಂದು ವಿಷಯ. ಕಾಕಾ ಕೊಳ್ಳುವ ಹಾಳೆ ರಿಮ್ಮಿಗೆ 280 ರೂಪಾಯಿ, ಅಂದರೆ ಒಂದಕ್ಕೆ 56 ಪೈಸೆ. ಟೋನರ್ ರೀಫಿಲ್‌ಗೆ 250 ರೂಪಾಯಿ, ಅದರಲ್ಲಿ ಸುಮಾರು 1200 ಪ್ರತಿ ಬರುತ್ತವೆ, ಒಂದಕ್ಕೆ 21 ಪೈಸೆ. ನಾವೆಲ್ಲ ಮಸಿ ಉಳಿಸೋಕೆ ಒದ್ದಾಡ್ತೀವಿ, ಆದರೆ ಹಾಳೆ ಅದರ ಎರಡೂವರೆ ಪಟ್ಟು ತುಟ್ಟಿ. ಒಂದು ಹಾಳೆ ಕೆಟ್ಟರೆ ಎರಡೂ ಹೋದವು.

ಅಕ್ಷರ ಬದಲಿಸಿದರೆ ಉಳಿತಾಯ ಅಂತ ನೀವೂ ಓದಿರಬಹುದು. 2014ರಲ್ಲಿ ಅಮೆರಿಕದ 14 ವರ್ಷದ ಹುಡುಗ ಸುವೀರ್ ಮೀರ್‌ಚಂದಾನಿ, ಸರ್ಕಾರ ಗ್ಯಾರಮಂಡ್ ಫಾಂಟ್ ಬಳಸಿದರೆ ಕೋಟಿಗಟ್ಟಲೆ ಡಾಲರ್ ಉಳಿಯುತ್ತೆ ಅಂತ ಲೆಕ್ಕ ಕೊಟ್ಟು ಸುದ್ದಿಯಾಗಿದ್ದ. ಆಮೇಲೆ ಫಾಂಟ್ ಬಲ್ಲವರು ಹೇಳಿದ್ದು: ಅದೇ ಪಾಯಿಂಟ್ ಅಳತೆಯಲ್ಲೂ ಗ್ಯಾರಮಂಡ್ ಅಕ್ಷರಗಳೇ ಚಿಕ್ಕವು, ಉಳಿತಾಯ ಬರೋದು ಅಲ್ಲಿಂದ. ಕನ್ನಡದಲ್ಲಿ ಈ ಆಟ ನಡೆಯಲ್ಲ. ನಾನು ಡ್ರಾಫ್ಟ್ ಮೋಡ್‌ನಲ್ಲಿ ಚಿಕ್ಕದಾಗಿ ತೆಗೆದು ನೋಡಿದೆ, ಒತ್ತಕ್ಷರಗಳು ಮಾಯ! ಬಸಪ್ಪ ಹೋಗಿ ಬಸಪ ಆದ. ಸರ್ವೆ ನಂಬರಿನ ಹಿಸ್ಸಾ ಓದಲು ಬರದೆ ಅರ್ಜಿ ವಾಪಸ್ ಬಂದರೆ ಆ ರೈತನ ವಿಮೆಯ ದಿನಾಂಕವೇ ತಪ್ಪಬಹುದು. 5 ಪೈಸೆ ಉಳಿಸಲು ಹೋಗಿ ಅವನ ಹಂಗಾಮು ಕಳೆಯೋದಾ?

ಕೊನೆಗೆ ಯಾವ ಸಾಫ್ಟ್‌ವೇರೂ ಹಾಕಲಿಲ್ಲ. ಮುಚ್ಚಳ ಮುಚ್ಚು, ಆಧಾರ್‌ನ ಎರಡೂ ಬದಿ ಒಂದೇ ಹಾಳೆಯಲ್ಲಿ ತೆಗೆ, ಅರ್ಜಿ ಪ್ರಿಂಟ್ ಕೊಡುವ ಮುಂಚೆ ಸ್ಕ್ರೀನ್ ರೈತನ ಕಡೆ ತಿರುಗಿಸಿ ಹೆಸರು, ಖಾತೆ ನಂಬರ್ ಜೋರಾಗಿ ಓದಿ ಹೇಳು, ಕೆಟ್ಟ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರಿ. ಇಷ್ಟೇ. ಸಂಜೆಯ ಹೊತ್ತಿಗೆ ಬುಟ್ಟಿ ಹೆಚ್ಚು ಕಡಿಮೆ ಖಾಲಿ ಇತ್ತು.

ಅಂಗಡಿಯ ಲೆಕ್ಕ ಮುಗೀತು. ನನಗೆ ಕಿರಿಕಿರಿ ಮಾಡಿದ್ದು ಪಾಳಿಯಲ್ಲಿ ನಿಂತವರ ಲೆಕ್ಕ. ಒಬ್ಬ ಅಜ್ಜ ಅದೇ ಪಹಣಿಯ ಮೂರು ಪ್ರತಿ ತೆಗೆಸಿದ. ಯಾಕಜ್ಜಾ ಅಂದ್ರೆ, "ಎಲ್ಲಿ ಹೋದರೂ ಒಂದೊಂದು ಇಸಗೋತಾರಪಾ" ಅಂದ.

2001ರ ಹೊತ್ತಿಗೆ ಭೂಮಿ ಯೋಜನೆ ಬಂದು ಸುಮಾರು 2 ಕೋಟಿ ದಾಖಲೆ ಕಂಪ್ಯೂಟರ್ ಸೇರಿದವು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಪ್ರಿಂಟ್ ಆಗಿ ಬರುತ್ತಿತ್ತು. ಹಾಳೆ, ಟೋನರ್ ಕಚೇರಿಯದ್ದು. ಈಗ ನೆಟ್‌ನಲ್ಲೇ ಸಿಗುತ್ತೆ. ನವಲಗುಂದಕ್ಕೆ ಹೋಗುವ ಬಸ್ ಚಾರ್ಜು, ಒಂದು ದಿನದ ಕೂಲಿ ಉಳೀತು, ಇಲ್ಲ ಅನ್ನಲ್ಲ. ಆದರೆ ಶುಲ್ಕವೂ ರೈತನದ್ದು, ಹಾಳೆಯೂ ರೈತನದ್ದು. ಹಿಡುವಳಿ ವಿವರ ಫ್ರೂಟ್ಸ್‌ನಲ್ಲಿ ನೋಂದಾಯಿಸಿದ ಮೇಲೂ, ಸರ್ಕಾರದ ಕಂಪ್ಯೂಟರಿನಲ್ಲಿರುವ ಪಹಣಿಯನ್ನು ಸರ್ಕಾರಕ್ಕೇ ಕೊಡೋಕೆ ಅವನು ಝೆರಾಕ್ಸ್ ಹಿಡಿದು ಹೋಗಬೇಕು. ನಮ್ಮಂಥವರು ಬರೆದ ಸಾಫ್ಟ್‌ವೇರ್‌ಗೆ ಕಾಗದರಹಿತ ಅಂತ ಹೆಸರು ಬೇರೆ. ಖರ್ಚು ಕಡಿಮೆ ಆಗಲಿಲ್ಲ ಸ್ವಾಮಿ, ಕಚೇರಿಯ ಪುಸ್ತಕದಿಂದ ಅಜ್ಜನ ಕಿಸೆಗೆ ವರ್ಗಾ ಆಯ್ತು ಅಷ್ಟೇ. ಹೊಸ ವ್ಯವಸ್ಥೆ ಕಟ್ಟುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಈ ಹಾಳೆ ಯಾಕೆ ಬೇಕು ಅಂತ. ಟೋನರ್ ಮಾತು ಆಮೇಲೆ.

ಇದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಆವೇಶದಲ್ಲಿ ಹೇಳಿದೆ. ಕಾಕಾ ರೊಟ್ಟಿ ಮುರೀತಾ ಸುಮ್ಮನೆ ಕೇಳಿ,

"ಖರೇ ಐತಿ. ಆದರ ಎಲ್ಲಾರೂ ಝೆರಾಕ್ಸ್ ಬ್ಯಾಡ ಅಂದ್ರ ನನ್ನ ಅಂಗಡಿ ಗತಿ ಏನೋ?" ಅಂದ.

ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಅರ್ಜಿ ತುಂಬಿಕೊಡೋದಕ್ಕೆ, ತಪ್ಪಿಲ್ಲದಂತೆ ಓದಿ ಹೇಳೋದಕ್ಕೆ ದುಡ್ಡು ತಗೋ ಕಾಕಾ, ಅದಕ್ಕೆ ಬೆಲೆ ಇದೆ ಅಂದೆ. "ಓದಿ ಹೇಳಾಕ ಯಾರ ರೊಕ್ಕ ಕೊಡತಾರ" ಅಂತ ನಕ್ಕ.

ನೀವೇನಂತೀರಿ?